ಎಡಬದಿಯ ಮಸುಕು

ನನ್ನ ಅಂಗಡಿಗೆ ಬರುವ ಹತ್ತು ಲೆನ್ಸುಗಳಲ್ಲಿ ಎಂಟಕ್ಕೆ ಯಾವ ರೋಗವೂ ಇರುವುದಿಲ್ಲ. ರೋಗ ಇರುವುದು ತಂದವರ ಕೈಯಲ್ಲಿ. ಕೈ ನಡುಗಿಸಿಕೊಂಡು ಫೋಟೊ ತೆಗೆಯುತ್ತಾರೆ, ಮಸುಕಾಗಿ ಬಂತು ಅಂತ ಗಾಜನ್ನು ಬೈಯುತ್ತಾರೆ. ಮುಂದಿನ ಗಾಜಿನ ಮೇಲೆ ಹೆಬ್ಬೆರಳಿನ ಜಿಡ್ಡು ಮೆತ್ತಿಕೊಂಡಿರುತ್ತದೆ. ಅದನ್ನು ಒರೆಸುವಷ್ಟು ತಾಳ್ಮೆ ಇರುವುದಿಲ್ಲ, 'ಒಳಗೇನೋ ಆಗಿದೆ ನೋಡಿ' ಎಂದು ರಾಗ ಎಳೆಯುತ್ತಾರೆ. ಮೂವತ್ತಾರು ವರ್ಷದಿಂದ ಇದನ್ನೇ ಕೇಳಿ ನನ್ನ ನಾಲಗೆ ಸ್ವಲ್ಪ ಉದ್ದವಾಗಿದೆ. ಬೈಸಿಕೊಂಡು ಹೋದವರು ಮತ್ತೆ ನನ್ನ ಹತ್ತಿರವೇ ಬರುತ್ತಾರೆ, ಯಾಕೆಂದರೆ ಈ ಊರಿನಲ್ಲಿ ಲೆನ್ಸು ಬಿಚ್ಚಿ ಮತ್ತೆ ಜೋಡಿಸಬಲ್ಲವನು ನಾನೊಬ್ಬನೇ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಭೂತಗನ್ನಡಿಯೊಂದು ಯಾವಾಗಲೂ ನನ್ನ ಕೊರಳಲ್ಲಿ ನೇತಾಡುವುದರಿಂದ ಬೀದಿಯವರು ನನಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದಾರೆ.

ಅದು ನೇತಾಡುತ್ತಿತ್ತು, ಅಷ್ಟೇ. ಕಳೆದ ವರ್ಷವೇ ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಮೂವತ್ತಾರು ವರ್ಷ ಭೂತಗನ್ನಡಿ ಹಿಡಿದ ಕಣ್ಣು ಅದು. ಎಡಗಣ್ಣಿಗೆ ಆ ಅಭ್ಯಾಸವಿಲ್ಲ. ಹಾಗಾಗಿ ಬೆರಳಿನ ಅಂದಾಜಿನ ಮೇಲೆ ಕೆಲಸ ಮಾಡತೊಡಗಿದ್ದೆ. ಉಗುರಿನ ತುದಿಯಿಂದ ಸವರಿದರೆ ಸ್ಕ್ರೂ ಯಾವುದು, ಬಿಲ್ಲೆ ಯಾವುದು, ಎಲ್ಲ ಗೊತ್ತಾಗುತ್ತದೆ ಎಂಬ ಜಂಬ. ಡಾಕ್ಟರು ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದರು. ನಾನು ಆ ಚೀಟಿಯನ್ನು ಡ್ರಾಯರಿನ ತಳಕ್ಕೆ ಸೇರಿಸಿ ಬಾಯಿಗೆ ಬೀಗ ಹಾಕಿಕೊಂಡೆ. ಲೆನ್ಸು ರಿಪೇರಿಯವನಿಗೆ ಕಣ್ಣು ಕಾಣುವುದಿಲ್ಲ ಎಂದು ಒಬ್ಬನಿಗೆ ಗೊತ್ತಾದರೂ ಅಂಗಡಿ ಮುಚ್ಚಿದ ಹಾಗೆ. ಅಕ್ಕನಿಗೂ ಹೇಳಿರಲಿಲ್ಲ.

ಅಕ್ಕ, ಭಾವ ಇಬ್ಬರೂ ನನ್ನ ಜೊತೆಗೇ ಇದ್ದರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರಾಚೆ ಬಟ್ಟೆ ಒಣಗಿಸುವಷ್ಟು ಜಾಗ. ನಾನು ಮದುವೆಯಾಗದೆ ಉಳಿದವನು. ನನ್ನ ಬಾಯಿಗೆ ಹೆದರಿ ಯಾರೂ ಹೆಣ್ಣು ಕೊಡಲಿಲ್ಲ ಎಂದು ಅಕ್ಕ ಹಾಸ್ಯ ಮಾಡುತ್ತಿದ್ದಳು. ಭಾವ ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದವರು. ನೆನಪು ಕೈಕೊಡಲು ಶುರುವಾದ ಮೇಲೆ ಅಕ್ಕ ಅವರನ್ನು ಕರೆದುಕೊಂಡು ಇಲ್ಲಿಗೆ ಬಂದಳು. ಹಗಲೆಲ್ಲ ಅಂಗಡಿಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಯಾರು ಬಂದರೂ ಒಂದೇ ಮಾತು: "ಒಳಗೆ ಹೋಗಿ, ಒಳಗೆ ಜಾಗ ಇದೆ. ಬಾಗಿಲಲ್ಲಿ ನಿಲ್ಬೇಡಿ." ಗಿರಾಕಿಗಳು ನಗುತ್ತ ಒಳಗೆ ಬರುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನ ಮೋರೆ ನೋಡಿ ಬಾಗಿಲಿನಿಂದಲೇ ವಾಪಸು ಹೋಗುತ್ತಿದ್ದವರನ್ನು ಅವರೇ ಒಳಗೆ ತಳ್ಳುತ್ತಿದ್ದರು.

ಅವರ ಕಾಲಿನ ಉಗುರು ತೆಗೆಯುವವಳು ಅಕ್ಕ. ಹದಿನೈದು ದಿನಕ್ಕೊಮ್ಮೆ, ಹಿತ್ತಿಲ ಮೆಟ್ಟಿಲ ಮೇಲೆ ಬೆಳಗಿನ ಬಿಸಿಲಿಗೆ ಕೂರಿಸಿ, ಅವರ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ತೆಗೆಯುತ್ತಿದ್ದಳು. ಮೂಲೆಗಳನ್ನು ಕತ್ತರಿಸಿದರೆ ನೋಯುತ್ತದೆಂದು ಅಡ್ಡಡ್ಡವಾಗಿ, ಗೆರೆ ಎಳೆದ ಹಾಗೆ. ಎಡಗಾಲಿನ ಕಿರುಬೆರಳಿನ ಉಗುರು ಮಾತ್ರ ಗಟ್ಟಿ, ಸೊಟ್ಟ; ಅದನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳುತ್ತಿದ್ದಳು. ಐದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಒಂಬತ್ತು ಉಗುರು ಮುಗಿದಿದ್ದವು. ಹತ್ತನೆಯದಕ್ಕೆ ಕೈ ಹಾಕಿದಾಗ ಭಾವ ಕಾಲು ಎಳೆದುಕೊಂಡು "ಬಸ್ಸು ಹೊರಡ್ತು" ಎಂದು ಎದ್ದರು. ಅಕ್ಕ ಒಲೆಯ ಮೇಲಿನ ಹಾಲು ಇಳಿಸಲು ಒಳಗೆ ಹೋದಳು. ನಾನು ಅಂಗಡಿಯಲ್ಲಿ ಯಾರನ್ನೋ ಬೈಯುತ್ತಿದ್ದೆ. ಅಕ್ಕ ಹಾಲು ಇಳಿಸಿ ಹೊರಗೆ ಬರುವಷ್ಟರಲ್ಲಿ ಭಾವ ಇರಲಿಲ್ಲ.

ಹುಡುಕದ ಜಾಗ ಉಳಿಯಲಿಲ್ಲ. ಬಸ್ ನಿಲ್ದಾಣಗಳು, ಡಿಪೊ, ಅವರು ಹಿಂದೆ ಓಡಾಡುತ್ತಿದ್ದ ಮಾರ್ಗದ ಒಂದೊಂದು ನಿಲುಗಡೆ. ಪೇಪರಿನಲ್ಲಿ ಫೋಟೊ ಹಾಕಿಸಿ ಹನ್ನೆರಡು ಪ್ರತಿ ತಂದು ಗೋಡೆಗೋಡೆಗೆ ಅಂಟಿಸಿದೆವು. ಅಕ್ಕನಿಗೆ ಮಾತ್ರ ಒಂದೇ ಚಿಂತೆ ಹಿಡಿಯಿತು. ತಟ್ಟೆ ತೊಳೆಯುತ್ತಿದ್ದವಳು ಇದ್ದಕ್ಕಿದ್ದಂತೆ, "ಒಂದು ಉಗುರು ಉಳಿದುಬಿಟ್ಟಿತ್ತು ಕಣೋ. ಅದೊಂದು ತೆಗೆಯೋ ತನಕ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಹಾಲು ಉಕ್ಕಿ ಹೋಗ್ತಿತ್ತು, ಅಷ್ಟೇ ತಾನೆ?" ಎನ್ನುವಳು. ನಾನು "ಸಾಕು ಮಾಡು ಅಕ್ಕ" ಎಂದು ಗದರುವೆ. ಎರಡು ದಿನ ಬಿಟ್ಟು ಮತ್ತೆ ಅದೇ ಉಗುರು.

ದೊಡ್ಡಾಸ್ಪತ್ರೆಯ ಹಿಂಭಾಗದ ಓಣಿಯಲ್ಲಿ ಒಂದು ಬೋರ್ಡಿದೆ. ಗುರುತು ಸಿಗದೆ ಶವಾಗಾರಕ್ಕೆ ಬಂದವರ ಮುಖದ ಫೋಟೊಗಳನ್ನು ಅದರ ಮೇಲೆ ಹಾಕುತ್ತಾರೆ. ಕೆಳಗೆ ಒಂದು ನಂಬರು, ಸಿಕ್ಕಿದ ದಿನ, ಅಂದಾಜು ವಯಸ್ಸು, ಮೈಮೇಲಿದ್ದ ಬಟ್ಟೆ. ಇಪ್ಪತ್ತೊಂದು ದಿನ ಕಾಯುತ್ತಾರೆ, ಯಾರೂ ಬರದಿದ್ದರೆ ಊರಾಚೆಯ ಸರಕಾರಿ ಜಾಗದಲ್ಲಿ ಮಣ್ಣು ಮಾಡುತ್ತಾರೆ. ಫೋಟೊ ಮಾತ್ರ ವರ್ಷಪೂರ್ತಿ ಬೋರ್ಡಿನ ಮೇಲಿರುತ್ತದೆ. ಅಕ್ಕ ಪ್ರತಿ ಸೋಮವಾರ ಅಲ್ಲಿಗೆ ಹೋಗುತ್ತಿದ್ದಳು. ವಾಪಸು ಬಂದು, "ಒಂದೂ ನೆಟ್ಟಗೆ ಕಾಣಲ್ಲ. ಕಣ್ಣೆಲ್ಲಿ, ಮೂಗೆಲ್ಲಿ ಅಂತ ಹುಡುಕ್ಬೇಕು" ಎನ್ನುತ್ತಿದ್ದಳು.

"ಫೋಟೊ ಸರಿಯಾಗೇ ಇರತ್ತೆ. ನಿನ್ನ ಕಣ್ಣು ಹೋಗಿದೆ" ಎಂದೆ ನಾನು. ಅವಳನ್ನು ಎಳೆದುಕೊಂಡು ಹೋಗಿ ಕನ್ನಡಕ ಮಾಡಿಸಿದೆ. ಕನ್ನಡಕ ಹಾಕಿಕೊಂಡು ಹೋದರೂ ಅದೇ ಮಾತು. ಆಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಳ್ಳುತ್ತೀಯ, ನೆಟ್ಟಗೆ ಹಾಕಿಕೊಳ್ಳುವುದಿಲ್ಲ ಎಂದು ಬೈದೆ. ಮೊದಲ ನಾಲ್ಕು ವಾರ ನಾನೂ ಜೊತೆಗೆ ಹೋಗಿದ್ದೆ. ನನಗೂ ಮಸುಕಾಗಿಯೇ ಕಾಣಿಸಿತ್ತು. ಅದು ನನ್ನ ಪೊರೆಯ ಮಸುಕು ಎಂದುಕೊಂಡೆ, ಯಾಕೆಂದರೆ ಆಗ ನನಗೆ ಎಲ್ಲವೂ ಮಸುಕೇ. ಇವರಲ್ಲ, ಇವರೂ ಅಲ್ಲ ಎನ್ನುತ್ತ ಬೋರ್ಡಿನುದ್ದಕ್ಕೂ ನಡೆದಿದ್ದೆ. ಒಂದು ಮುಖದ ಮುಂದೆ ಅಕ್ಕ ಸ್ವಲ್ಪ ತಡೆದಳು. ಕೆಳಗೆ ಬರೆದದ್ದನ್ನು ನಾನೇ ಬಗ್ಗಿ, ಎಡಗಣ್ಣು ಹತ್ತಿರ ತಂದು ಓದಿದೆ: ವಯಸ್ಸು ಸುಮಾರು ಐವತ್ತೈದು, ಹಸಿರು ಸ್ವೆಟರ್. "ಭಾವಂಗೆ ಅರವತ್ತೆಂಟು. ನಮ್ಮನೇಲಿ ಹಸಿರು ಸ್ವೆಟರ್ ಎಲ್ಲಿತ್ತು? ನಡಿ" ಎಂದೆ. ಅಕ್ಕ ಮುಂದಕ್ಕೆ ಹೆಜ್ಜೆ ಹಾಕಿದಳು.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಫೋಟೊದವನು ಕ್ಯಾಮೆರಾ ಚೀಲ ಹಿಡಿದುಕೊಂಡು ಅಂಗಡಿಗೆ ಬಂದ. ಶವಾಗಾರದಲ್ಲಿ ಫೋಟೊ ತೆಗೆಯುವುದು ಅವನ ಕೆಲಸ. ತೆಳ್ಳಗಿನ ಆಳು, ಜೋರಾಗಿ ಮಾತಾಡಿದರೆ ಯಾರಿಗೋ ಎಚ್ಚರವಾಗುತ್ತದೆ ಎಂಬಂತೆ ಮೆಲ್ಲಗೆ ಮಾತಾಡುತ್ತಾನೆ. ಏಳು ತಿಂಗಳ ಹಿಂದೆ ಇದೇ ಲೆನ್ಸನ್ನು ತಂದಿದ್ದ. ಒಳಗಿನ ಗಾಜಿಗೆ ಬೂಷ್ಟು ಹಿಡಿದಿತ್ತು. ನಾನು ಬಿಚ್ಚಿ ಒರೆಸಿ ಕೊಟ್ಟಿದ್ದೆ.

"ಫೋಟೊ ಮಸುಕು ಬರ್ತಿದೆ ಸಾರ್. ಹೊಸ ಆಫೀಸರು ಬಂದಿದ್ದಾರೆ. ಇದು ಮನುಷ್ಯರ ಮುಖಾನೋ ಹಿಟ್ಟಿನ ಮುದ್ದೇನೋ ಅಂತ ಕೇಳಿದ್ರು" ಎಂದ.

"ಕೈ ನಡುಗಿಸ್ತಿದ್ದೀಯ."

"ಕೈಯಲ್ಲಿ ಹಿಡಿಯೋದೇ ಇಲ್ಲ ಸಾರ್. ಟೇಬಲ್ ಮೇಲೆ ಕಬ್ಬಿಣದ ಕಂಬ ಇದೆ, ಅದಕ್ಕೇ ಬಿಗಿದುಬಿಟ್ಟಿದೀನಿ."

"ಯಾವಾಗಿನಿಂದ?"

ಅವನು ತಲೆ ಕೆರೆದುಕೊಂಡ. "ಆವತ್ತು ನಿಮ್ಮ ಹತ್ರ ಬೂಷ್ಟು ತೆಗೆಸಿದ ಮೇಲಿಂದ ಅನ್ನಿಸುತ್ತೆ."

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಕೈಯಿಂದ ದಾಟಿಹೋದ ಲೆನ್ಸಿನ ಬಗ್ಗೆ ಯಾರೂ ಹಾಗೆ ಅಂದಿರಲಿಲ್ಲ. "ಏಳು ತಿಂಗಳು ಕಣ್ಣು ಮುಚ್ಕೊಂಡಿದ್ಯಾ?" ಎಂದೆ. ಅವನು ನಿಧಾನಕ್ಕೆ ಹೇಳಿದ: ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಒಂದು ಹೆಣಕ್ಕೆ ಒಂದೇ ಫೋಟೊ, ತಲೆಯಿಂದ ಕಾಲಿನವರೆಗೆ. ಅದರಿಂದ ಮುಖದ ಭಾಗವನ್ನಷ್ಟೇ ಕತ್ತರಿಸಿ, ದೊಡ್ಡದು ಮಾಡಿ ಬೋರ್ಡಿಗೆ ಹಾಕುತ್ತಾರೆ. ಪೂರ್ತಿ ಫೋಟೊ ಆಫೀಸಿನ ಫೈಲಿನಲ್ಲಿರುತ್ತದೆ. ದೊಡ್ಡದು ಮಾಡಿದಾಗ ಮಸುಕಾದರೆ ಪ್ರಿಂಟ್ ಹಾಕುವವನ ತಪ್ಪೆಂದು ಇವನು ತಿಳಿದಿದ್ದ. ಪ್ರಿಂಟ್ ಹಾಕುವವನು ಇವನ ತಪ್ಪೆಂದು ತಿಳಿದಿದ್ದ.

"ಕೂತ್ಕೋ. ಯಾರ ತಪ್ಪು ಅಂತ ಈಗಲೇ ತೋರಿಸ್ತೀನಿ" ಎಂದೆ. ಅವನು ಭಾವನ ಸ್ಟೂಲಿನ ಮೇಲೆ ಕೂತ. ಬೇರೆ ಕುರ್ಚಿ ಇರಲಿಲ್ಲ.

ಮಸುಕಿನ ಕಾರಣ ಹುಡುಕಲು ನನ್ನದೊಂದು ಕ್ರಮವಿದೆ. ಸಣ್ಣ ಜಾಹೀರಾತುಗಳ ಪೇಪರಿನ ಪುಟವೊಂದನ್ನು ಗೋಡೆಗೆ ಸಪಾಟಾಗಿ ಅಂಟಿಸುತ್ತೇನೆ. ಅಷ್ಟು ಚಿಕ್ಕ ಅಕ್ಷರ ಬೇರೆಲ್ಲೂ ಸಿಗುವುದಿಲ್ಲ. ಕ್ಯಾಮೆರಾವನ್ನು ಭಾರದ ಸ್ಟ್ಯಾಂಡಿಗೆ ಬಿಗಿದು, ಕೈ ತಾಕದ ಹಾಗೆ ಟೈಮರ್ ಇಟ್ಟು ತೆಗೆಯುತ್ತೇನೆ. ಅಂದು ಪೇಪರಿಗಾಗಿ ಬೆಂಚಿನ ಕೆಳಗೆ ಕೈ ಹಾಕಿದಾಗ ಸಿಕ್ಕಿದ್ದು ಭಾವನ ಫೋಟೊ ಹಾಕಿಸಿದ ದಿನದ ಪೇಪರು. ಹನ್ನೆರಡರಲ್ಲಿ ಮೂರು ಪ್ರತಿ ಉಳಿದಿದ್ದವು. 'ಕಾಣೆಯಾಗಿದ್ದಾರೆ' ಎಂಬ ಸಾಲು, ಅದರ ಕೆಳಗೆ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಭಾವನ ಮುಖ, ಪುಟದ ಎಡ ಅಂಚಿನಲ್ಲಿ. ಬೇರೆ ಪುಟ ಹುಡುಕಬಹುದಿತ್ತು. ಸೋಮಾರಿತನಕ್ಕೆ ಅದನ್ನೇ ಅಂಟಿಸಿದೆ.

ಮೊದಲು ನನ್ನದೇ ಒಂದು ಲೆನ್ಸನ್ನು ಅವನ ಕ್ಯಾಮೆರಾಕ್ಕೆ ಹಾಕಿ ತೆಗೆದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ಎಡಗಣ್ಣನ್ನು ಪರದೆಯ ಹತ್ತಿರ ತಂದು ನೋಡಿದೆ. ನಾಲ್ಕು ಮೂಲೆಯೂ ಸ್ಪಷ್ಟ, ಕ್ಯಾಮೆರಾದ ತಪ್ಪಲ್ಲ. ಆಮೇಲೆ ಅವನ ಲೆನ್ಸು. ನಡುವಿನ ಸಾಲುಗಳು ಸರಿಯಾಗಿದ್ದವು, ಬಲಗಡೆ ಇನ್ನೂ ಚೆನ್ನಾಗಿತ್ತು, ಎಡಗಡೆ ನೀರು ಚೆಲ್ಲಿದ ಶಾಯಿ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆದೆ. ಈಗ ಪುಟದ ಬಲ ಅಂಚು ಮಸುಕಾಯಿತು, ಎಡ ಅಂಚು ತಿಳಿಯಾಯಿತು. ಅಂದರೆ ಗೋಡೆ ಓರೆಯಿಲ್ಲ, ಸ್ಟ್ಯಾಂಡು ಓರೆಯಿಲ್ಲ. ಲೆನ್ಸಿನ ಒಂದು ಪಕ್ಕವೇ ಕೆಟ್ಟಿದೆ. ಒಳಗೆ ಯಾವುದೋ ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತಿದೆ.

"ಬೀಳಿಸಿದ್ದೀಯ" ಎಂದೆ.

"ಇಲ್ಲ ಸಾರ್."

"ಹಾಗಾದ್ರೆ ಇನ್ಯಾರೋ ಕಟುಕನ ಹತ್ರ ಬಿಚ್ಚಿಸಿದ್ದೀಯ."

"ಈ ಊರಲ್ಲಿ ಇನ್ಯಾರಿದ್ದಾರೆ ಸಾರ್?"

ಲೆನ್ಸಿನ ಹಿಂಬದಿಯ ಬಳೆ ಬಿಚ್ಚಿದೆ. ಕೆಲಸ ಮುಗಿದ ಮೇಲೆ ಪ್ರತಿ ಸ್ಕ್ರೂ ತಲೆಯ ಮೇಲೂ ಕೆಂಪು ನೇಲ್ ಪಾಲಿಶಿನ ಒಂದು ಹನಿ ಬಿಡುವುದು ನನ್ನ ಪದ್ಧತಿ; ಬೇರೆ ಯಾರಾದರೂ ತಿರುಗಿಸಿದರೆ ಅದು ಬಿರಿಯುತ್ತದೆ, ನಾನು ಗಿರಾಕಿಯ ಜನ್ಮ ಜಾಲಾಡುತ್ತೇನೆ. ಮೂರೂ ಹನಿಗಳು ನಾನು ಬಿಟ್ಟ ಹಾಗೇ ಇದ್ದವು, ಒಂದೂ ಬಿರಿದಿರಲಿಲ್ಲ. ಬೈಗುಳ ಬಾಯಲ್ಲೇ ನಿಂತಿತು.

ಆ ಲೆನ್ಸಿನ ನಡುವಿನ ಗಾಜು ಮೂರು ಹಿತ್ತಾಳೆ ಬಿಲ್ಲೆಗಳ ಮೇಲೆ ಕೂರುತ್ತದೆ. ಕಿರುಬೆರಳಿನ ಉಗುರಿಗಿಂತ ಚಿಕ್ಕವು, ಕಾಗದಕ್ಕಿಂತ ತೆಳ್ಳಗಿನವು. ನೋಡಲು ಮೂರೂ ಒಂದೇ, ಆದರೆ ದಪ್ಪ ಬೇರೆಬೇರೆ. ಕಾರ್ಖಾನೆಯಲ್ಲೇ ಯಾವ ಜಾಗಕ್ಕೆ ಯಾವುದು ಎಂದು ಅಳೆದು ಇಟ್ಟಿರುತ್ತಾರೆ. ಅದಲುಬದಲಾದರೆ ಗಾಜು ವಾಲುತ್ತದೆ. ಅದಕ್ಕೇ ನಾನು ತೆಗೆಯುವ ಮೊದಲು ಸೂಜಿಯಿಂದ ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಗೀರು ಹಾಕುತ್ತೇನೆ, ಅವು ಕೂರುವ ಜಾಗಕ್ಕೂ ಹಾಗೇ. ಏಳು ತಿಂಗಳ ಹಿಂದೆಯೂ ಹಾಕಿದ್ದೆ. ವಾಪಸು ಕೂರಿಸುವಾಗ ಗೀರು ಕಾಣಲಿಲ್ಲ. ಭೂತಗನ್ನಡಿ ಹಾಕಿದರೂ ಹೊಗೆಯೇ. ಉಗುರಿನಿಂದ ಸವರಿ, ಇದೇ ಎರಡು, ಇದೇ ಮೂರು ಎಂದು ತೀರ್ಮಾನಿಸಿ ಬಿಗಿದಿದ್ದೆ. ಪರೀಕ್ಷೆಗೆ ತೆಗೆದ ಫೋಟೊದಲ್ಲಿ ನಡುಭಾಗವನ್ನಷ್ಟೇ ನೋಡಿ, ಅಂಚು ಮಸುಕಾದದ್ದು ನನ್ನ ಕಣ್ಣಿನದೆಂದು ಬಿಟ್ಟಿದ್ದೆ.

ಈಗ ಭೂತಗನ್ನಡಿಯನ್ನು ಎಡಗಣ್ಣಿಗೆ ಸಿಕ್ಕಿಸಿಕೊಂಡೆ. ಅಭ್ಯಾಸವಿಲ್ಲದ ಕಣ್ಣು ಪಿಳಿಪಿಳಿ ಬಡಿದುಕೊಂಡಿತು. ಕೊನೆಗೆ ಕಂಡಿತು. ಎರಡು ಗೀರಿನ ಜಾಗದಲ್ಲಿ ಮೂರು ಗೀರಿನ ಬಿಲ್ಲೆ. ಮೂರು ಗೀರಿನ ಜಾಗದಲ್ಲಿ ಎರಡು ಗೀರಿನದು.

ಅವೆರಡನ್ನೂ ಅದಲುಬದಲು ಮಾಡಿದೆ. ಒಂದೊಂದು ಸ್ಕ್ರೂವನ್ನೂ ಕಾಲು ಸುತ್ತು ಬಿಗಿದು, ಫೋಟೊ ತೆಗೆದು, ನೋಡಿ, ಮತ್ತೆ ಕಾಲು ಸುತ್ತು. ಮಧ್ಯಾಹ್ನದವರೆಗೆ ಅದೇ ಕೆಲಸ. ಪ್ರತಿ ಸಲವೂ ಎಡ ಅಂಚಿನ ಮಸುಕು ಸ್ವಲ್ಪ ಸ್ವಲ್ಪವೇ ಕರಗಿತು. ಮೊದಲು 'ಕಾಣೆಯಾಗಿದ್ದಾರೆ' ಎಂಬ ಅಕ್ಷರಗಳು ಕೂಡಿಕೊಂಡವು. ಆಮೇಲೆ ಹುಬ್ಬು ಬಂತು, ಮೂಗು ಬಂತು, ಒಂದು ಕಿವಿ ಇನ್ನೊಂದಕ್ಕಿಂತ ಅಗಲ ಇರುವುದು ಬಂತು. ಕೊನೆಯ ಫೋಟೊದಲ್ಲಿ ಮುಖದ ಮೇಲಿನ ಅಚ್ಚಿನ ಚುಕ್ಕಿಗಳನ್ನೂ ಎಣಿಸಬಹುದಿತ್ತು. ಭಾವ ಪರದೆಯಿಂದ ನನ್ನನ್ನೇ ನೋಡುತ್ತಿದ್ದರು. ನನಗೆ ಅಳು ಬಂತು. ಧೂಳು ಬಿತ್ತೆಂದು ಕಣ್ಣೊರೆಸಿಕೊಂಡೆ.

"ಏನಾಗಿತ್ತು ಸಾರ್?" ಎಂದ ಫೋಟೊದವನು.

"ಒಳಗೊಂದು ಬಿಲ್ಲೆ ಜಾಗ ತಪ್ಪಿತ್ತು."

"ಪೆಟ್ಟು ಬಿದ್ರೆ ಹಾಗಾಗುತ್ತಾ?"

"ಆಗ್ಬಹುದು" ಎಂದೆ.

ಅವನ ಮುಖ ಇಳಿದುಹೋಯಿತು. "ಹಾಗಾದ್ರೆ ನಂದೇ. ಒಂದ್ಸಲ ಸ್ಟ್ರೆಚರ್ ತಾಗಿ ಕಂಬ ಅಲ್ಲಾಡಿತ್ತು. ಬಿದ್ದಿಲ್ಲವಲ್ಲ ಅಂತ ಸುಮ್ನಿದ್ದೆ." "ಈ ಏಳು ತಿಂಗಳಲ್ಲಿ ಎಪ್ಪತ್ತೊಂದು ಜನ ಸಾರ್. ಅದರಲ್ಲಿ ಇಪ್ಪತ್ತಮೂರು ಜನರನ್ನ ಯಾರೂ ಗುರುತು ಹಿಡೀಲಿಲ್ಲ, ಮಣ್ಣಾದ್ರು. ತೊಳೆಯೋ ನಲ್ಲಿ ಒಂದೇ ಕಡೆ ಇರೋದ್ರಿಂದ ಎಲ್ಲರ ತಲೇನೂ ಆ ಕಡೆಗೇ. ಫೋಟೊದಲ್ಲಿ ತಲೆ ಎಡಕ್ಕೇ ಬರುತ್ತೆ, ಪ್ರತಿ ಸಲ."

ಅವನ ತಪ್ಪಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಅವನು ಲೆನ್ಸನ್ನು ಚೀಲದಲ್ಲಿಟ್ಟುಕೊಂಡು, ನನಗೇ ಕೈಮುಗಿದು ಹೋದ.

ಶುಕ್ರವಾರ, ಶನಿವಾರ, ಭಾನುವಾರ ಅಂಗಡಿ ತೆರೆಯಲಿಲ್ಲ. ನೆಗಡಿ ಎಂದೆ. ಅಕ್ಕ ಬಿಸಿನೀರು ಕಾಯಿಸಿ ಕೊಟ್ಟಳು. ಮಲಗಿದಲ್ಲೇ ಲೆಕ್ಕ ಹಾಕಿದೆ: ಲೆನ್ಸು ಕೆಡಿಸಿ ಏಳು ತಿಂಗಳು, ಭಾವ ಹೋಗಿ ಐದು ತಿಂಗಳು. ಭಾವ ಆ ಬೋರ್ಡಿನ ಮೇಲಿದ್ದರೆ ಅವರ ಮುಖ ಒರೆಸಿ ಹಾಕಿದವನು ನಾನೇ. ಇಲ್ಲದಿದ್ದರೂ ಬೇರೆ ಯಾರದೋ ಭಾವನ ಮುಖ ಒರೆಸಿದ್ದೇನೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಇದೂ ಹೊಳೆಯಿತು. ಭಾವ ಎಲ್ಲೋ ಬದುಕಿದ್ದಾರೆ ಎಂದುಕೊಂಡು ಅಕ್ಕ ದಿನ ದೂಡುತ್ತಾಳೆ, ಆ ಆಸೆಯನ್ನು ಯಾಕೆ ಕಿತ್ತುಕೊಳ್ಳಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ನನ್ನನ್ನು ಉಳಿಸಿಕೊಳ್ಳುವುದಕ್ಕೆ ಅಕ್ಕನ ಆಸೆಯನ್ನು ಮುಂದೆ ಹಿಡಿದಿದ್ದೆ. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಅಕ್ಕ ಹೊಸ್ತಿಲ ಹತ್ತಿರ ನಿಂತು ಸೆರಗಿನಿಂದ ಕನ್ನಡಕ ಒರೆಸುತ್ತಿದ್ದಳು. ಬೆಳಕಿಗೆ ಹಿಡಿದು ನೋಡಿದಳು, ಮತ್ತೆ ಒರೆಸಿದಳು.

"ಇದರ ನಂಬರು ಬದಲಾಯಿಸ್ಬೇಕೇನೋ" ಎಂದಳು. "ನೀನು ಹೇಳಿದ್ದು ಸರಿ. ನನ್ನ ಕಣ್ಣು ಪೂರ್ತಿ ಹೋಗ್ತಿದೆ. ಎದುರಿಗೆ ಅವರೇ ಇದ್ರೂ ನಂಗೆ ಗೊತ್ತಾಗಲ್ಲ ಅಂತ ಭಯ ಆಗುತ್ತೆ ಕಣೋ."

ಅಷ್ಟಾದ ಮೇಲೆ ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಹಾಸಿಗೆಯ ಮೇಲೇ ಎದ್ದು ಕೂತು ಎಲ್ಲ ಹೇಳಿದೆ. ಪೊರೆ, ಡ್ರಾಯರಿನ ಚೀಟಿ, ಬಿಲ್ಲೆ, ಎಡಬದಿ. "ನಿನ್ನ ಕಣ್ಣಿಗೆ ಏನೂ ಆಗಿಲ್ಲ ಅಕ್ಕ. ಮುಖಗಳೇ ಹಾಗಿದ್ದವು. ನನ್ನಿಂದಾಗಿ" ಎಂದೆ.

ಅವಳು ಕನ್ನಡಕ ಹಿಡಿದುಕೊಂಡೇ ನಿಂತಿದ್ದಳು. "ನಿಂಗೆ ಯಾವಾಗ ಗೊತ್ತಾಯ್ತು?"

"ಗುರುವಾರ."

"ಇವತ್ತು ಸೋಮವಾರ" ಎಂದಳು. ಚಪ್ಪಲಿ ಮೆಟ್ಟಿದಳು. ನಾನು ಅಂಗಿ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ದಾರಿಯುದ್ದಕ್ಕೂ ಅವಳು ಒಂದು ಹೆಜ್ಜೆ ಮುಂದೆಯೇ ನಡೆದಳು. ಆಸ್ಪತ್ರೆಯ ಗೇಟಿನ ಹತ್ತಿರ ಮಾತ್ರ ನಾನು, "ಬೋರ್ಡು ಬೇಡ ಅಕ್ಕ. ಫೈಲು ಕೇಳೋಣ. ಮಸುಕಾಗಿರೋದು ತಲೆ ಕಡೆ. ಕಾಲಿನ ಕಡೆ ಎಲ್ಲಾ ಸರಿಯಾಗಿ ಬಂದಿರುತ್ತೆ" ಎಂದೆ. ಅವಳು ತಿರುಗಿ ನನ್ನನ್ನು ನೋಡಿದಳು. ಅವಳಿಗೆ ಅರ್ಥವಾಗಿತ್ತು.

ಆಫೀಸಿನಲ್ಲಿ ಒಬ್ಬ ಗುಮಾಸ್ತ, ಪಕ್ಕದಲ್ಲಿ ಫೋಟೊದವನು. ಮೊದಲು ಫೋಟೊದವನಿಗೆ ಹೇಳಿದೆ: "ಕಂಬ ಅಲ್ಲ. ಲೆನ್ಸು ಕೆಡಿಸಿದವನು ನಾನು." ಗುಮಾಸ್ತನ ಮುಂದೆಯೇ ಹೇಳಿದೆ. ಫೋಟೊದವನು ಎದ್ದುಹೋಗಿ ಕಪಾಟಿನಿಂದ ಫೈಲು ತಂದು ಅಕ್ಕನ ಮುಂದಿಟ್ಟು, ಅವಳಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ.

ಒಂದು ಪುಟಕ್ಕೆ ಒಂದು ಫೋಟೊ. ಕೊರಳಿನವರೆಗೆ ಬಿಳಿ ಬಟ್ಟೆ, ಎಡಕ್ಕೆ ಮುಖದ ಜಾಗದಲ್ಲಿ ಬೂದು ಬಣ್ಣದ ಒಂದು ಉಂಡೆ, ಬಲಕ್ಕೆ ಬಟ್ಟೆಯಿಂದ ಹೊರಚಾಚಿದ ಎರಡು ಪಾದ. ಬಲಗಾಲಿನ ಹೆಬ್ಬೆರಳಿಗೆ ದಾರದಿಂದ ಕಟ್ಟಿದ ನಂಬರಿನ ಚೀಟಿ. ದಾರದ ಎಳೆಗಳೂ ಕಾಣುತ್ತಿದ್ದವು, ಅಷ್ಟು ಸ್ಪಷ್ಟ. ಅಕ್ಕ ಎಡಗೈಯನ್ನು ಮುಖದ ಮೇಲೆ ಮುಚ್ಚಿಟ್ಟು, ಬಲಗೈಯಿಂದ ಪುಟ ತಿರುವತೊಡಗಿದಳು. ಒಡೆದ ಹಿಮ್ಮಡಿಗಳು. ಇಷ್ಟೇ ಇಷ್ಟು ಬಣ್ಣ ಉಳಿದ ಹೆಂಗಸಿನ ಉಗುರುಗಳು. ಬೂಟು ಕಚ್ಚಿದ ಗಾಯ. ಮುಖವಿಲ್ಲದಿದ್ದರೂ ಒಂದೊಂದು ಜೊತೆ ಪಾದವೂ ಒಬ್ಬೊಬ್ಬ ಮನುಷ್ಯನದೇ. ನಮ್ಮವರದಲ್ಲ, ನಮ್ಮವರದಲ್ಲ ಎಂದು ಪ್ರತಿ ಪುಟಕ್ಕೂ ನನಗೆ ಉಸಿರು ಬಂದು ಹೋಗುತ್ತಿತ್ತು. ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದು ಅಕ್ಕನಿಗೋಸ್ಕರವೋ ನನಗೋಸ್ಕರವೋ ಈಗಲೂ ಹೇಳಲಾರೆ.

ಮೂವತ್ತೆಂಟನೆಯ ನಂಬರಿಗೆ ಅಕ್ಕನ ಕೈ ನಿಂತಿತು. ಭಾವ ಹೋದ ಮೂರನೆಯ ದಿನದ ತಾರೀಕು. ಅವಳು ಮುಖ ಮುಚ್ಚಿದ್ದ ಕೈಯನ್ನು ತೆಗೆಯಲಿಲ್ಲ. ಬಲಗೈಯ ತೋರುಬೆರಳನ್ನು ಎಡಗಾಲಿನ ಒಂದೊಂದು ಬೆರಳಿನ ಮೇಲೂ ಇಡುತ್ತ ಹೋದಳು. ಅಡ್ಡಡ್ಡ, ಗೆರೆ ಎಳೆದ ಹಾಗೆ ತೆಗೆದ ಉಗುರುಗಳು. ಕಿರುಬೆರಳಿಗೆ ಬಂದು ಬೆರಳು ಅಲ್ಲೇ ಉಳಿಯಿತು. ಅದೊಂದು ಉಗುರು ಉದ್ದವಾಗಿ, ಗಟ್ಟಿಯಾಗಿ, ಸೊಟ್ಟಗೆ ಹೊರಗೆ ಚಾಚಿಕೊಂಡಿತ್ತು.

"ಒಂಬತ್ತು ನಾನು ತೆಗೆದದ್ದು. ಇದು ಉಳಿದದ್ದು" ಎಂದಳು.

ಗುಮಾಸ್ತ ಕೆಟ್ಟವನಲ್ಲ, ಆದರೆ ಅವನಿಗೆ ರಿಜಿಸ್ಟರು ತುಂಬಬೇಕಿತ್ತು. "ಬರೀ ಉಗುರು ನೋಡಿ ಹೇಗಮ್ಮಾ ಖಾತ್ರಿಯಾಗಿ ಹೇಳ್ತೀರಿ?"

"ನೀವು ಯಾವತ್ತಾದ್ರೂ ಯಾರಿಗಾದ್ರೂ ಉಗುರು ತೆಗೆದಿದ್ದೀರಾ?" ಎಂದು ಅಕ್ಕ ಕೇಳಿದಳು.

ಅವನು ಪೆನ್ನು ಕೆಳಗಿಟ್ಟ.

ನಾನು ಪುಟದ ಕೆಳಗಿನ ಸಾಲನ್ನು ಓದಿದೆ. ಓದಬೇಕಾಗಿರಲಿಲ್ಲ. ವಯಸ್ಸು ಸುಮಾರು ಐವತ್ತೈದು, ಹಸಿರು ಸ್ವೆಟರ್. ರಸ್ತೆ ಬದಿಯ ಬಸ್ ನಿಲುಗಡೆಯ ಬೆಂಚಿನ ಮೇಲೆ ಸಿಕ್ಕಿದ್ದು, ಬೆಳಿಗ್ಗೆ ಆರಕ್ಕೆ. "ನಡಿ" ಎಂದು ನಾನು ಅಕ್ಕನನ್ನು ಮುಂದಕ್ಕೆ ದಾಟಿಸಿದ ದಿನ ಭಾವ ಇನ್ನೂ ಈ ಕಟ್ಟಡದಲ್ಲೇ ಇದ್ದರು. ಮಣ್ಣಾಗಲು ಇನ್ನೂ ಒಂಬತ್ತು ದಿನ ಇತ್ತು. ಗೋಡೆಯ ಆಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ.

"ಯಾರೋ ಸ್ವೆಟರ್ ಹಾಕಿದ್ದಾರೆ" ಎಂದಳು ಅಕ್ಕ. ಅವಳ ದನಿ ಆಗ ಒಡೆಯಿತು. "ಯಾರೋ ಏನೋ, ಪುಣ್ಯಾತ್ಮರು. ಚಳಿ ಆಗ್ತಿದೆ ಅಂತ ಅವರಿಗಾದ್ರೂ ಕಾಣಿಸ್ತಲ್ಲ."

ಫೋಟೊದವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಗುಮಾಸ್ತ ಸರಕಾರಿ ಜಾಗದ ದಾರಿಯನ್ನೂ ಕಲ್ಲಿನ ಮೇಲೆ ಬರೆದಿರುವ ನಂಬರನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅಕ್ಕ ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಉಳಿದ ಇಪ್ಪತ್ತೆರಡು ಜನರ ಕಾಲಿನ ಫೋಟೊಗಳನ್ನೂ ಬೋರ್ಡಿಗೆ ಹಾಕಿ ಎಂದು ನಾನು ಕೇಳಿಕೊಂಡೆ. ಮೇಲಿನವರನ್ನು ಕೇಳಬೇಕು ಎಂದ ಗುಮಾಸ್ತ. ಬರೆದುಕೊಡುತ್ತೇನೆ, ತಪ್ಪು ನನ್ನದೆಂದು ಸಹಿ ಹಾಕುತ್ತೇನೆ ಎಂದೆ. ಹಾಕಿದೆ. ಮೂವತ್ತಾರು ವರ್ಷದ ಹೆಸರು ಒಂದು ಹಾಳೆಯಲ್ಲಿ ಮುಗಿಯಿತು. ಅದು ನನಗೆ ದೊಡ್ಡದೆನಿಸಲಿಲ್ಲ.

ಹೊರಗೆ ಓಣಿಯಲ್ಲಿ ಅಕ್ಕ ಬೋರ್ಡಿನ ಮುಂದೆ ನಿಂತಿದ್ದಳು. ಇಪ್ಪತ್ತೆರಡು ಸೋಮವಾರ ನಿಂತ ಜಾಗ. ಮೂವತ್ತೆಂಟನೆಯ ನಂಬರಿನ ಮೇಲಿನ ಆ ಬೂದು ಉಂಡೆಯನ್ನೇ ನೋಡುತ್ತಿದ್ದಳು. ನಾನು ಹತ್ತಿರ ಹೋಗಿ, "ಅಕ್ಕ, ಬಾಯಿಗೆ ಬಂದ ಹಾಗೆ ಬೈದುಬಿಡು" ಎಂದೆ.

ಅವಳು ಬೈಯಲಿಲ್ಲ. ಕನ್ನಡಕ ತೆಗೆದು, ಅದರ ಕಡ್ಡಿಗಳನ್ನು ಮಡಿಸಿ, ನನ್ನ ಕೈ ಹಿಡಿದು ಅಂಗೈಯಲ್ಲಿಟ್ಟಳು.

"ನಂಗೆ ಇದು ಬೇಡ. ನಂಗೆ ಮೊದಲಿಂದಾನೂ ಸರಿಯಾಗೇ ಕಾಣಿಸ್ತಿತ್ತು. ತಡೆದು ನಿಂತಿದ್ದೆ ನಾನು. 'ನಡಿ' ಅಂದಿದ್ದು ನೀನು."

ಆಮೇಲೆ ಓಣಿಯ ತುದಿಯ ಬೆಳಕಿನ ಕಡೆಗೆ ನಡೆದುಹೋದಳು, ನನಗಾಗಿ ಕಾಯದೆ. ನಾನು ಕನ್ನಡಕ ಹಾಕಿಕೊಂಡು ಬೋರ್ಡನ್ನು ನೋಡಿದೆ. ಮುಖಗಳು ಹಾಗೇ ಇದ್ದವು.